ಮನೆಮಂದಿಯ ಚಿತ್ರದಲ್ಲಿ ಇವರೂ ಮನೆಮಂದಿಯೇ

‘ಮನೆಮಂದಿಯೆಲ್ಲ ಕುಳಿತು ನೋಡುವ ಚಿತ್ರ’ ಎಂಬುದು ನಮ್ಮ ಚಿತ್ರೋದ್ಯಮದ ಹಳೆಯ ಜಾಹೀರಾತು. ಹೊಡೆದಾಟ, ರಕ್ತಪಾತ, ನಾಯಕಿಯ ಬೆನ್ನುಬಿದ್ದು ಕಾಡುವ ನಾಯಕ, ಇವೆಲ್ಲಕ್ಕೂ ಈ ಮಾತಿನೊಳಗೆ ಜಾಗ ದೊರೆತಿದೆ. ಆದರೆ ಮನೆಯ ಮಗ ಇನ್ನೊಬ್ಬ ಗಂಡಸನ್ನು, ಮಗಳು ಇನ್ನೊಬ್ಬ ಹೆಣ್ಣನ್ನು ಪ್ರೀತಿಸುವ ಕಥೆ ಬಂದೊಡನೆ ‘ಇದು ಸಂಸಾರಸ್ಥರು ನೋಡುವಂಥದ್ದಲ್ಲ’ ಎಂಬ ಆಕ್ಷೇಪ ಏಳುತ್ತದೆ. ಈ ಆಕ್ಷೇಪವನ್ನು ಅಪಹಾಸ್ಯ ಮಾಡಿ ತಳ್ಳಿಹಾಕುವುದಕ್ಕಿಂತ ಶಾಂತವಾಗಿ ಪರಿಶೀಲಿಸುವುದು ಮೇಲು.

1998ರಲ್ಲಿ ದೀಪಾ ಮೆಹ್ತಾ ಅವರ ‘ಫೈರ್’ ತೆರೆ ಕಂಡಾಗ ಮುಂಬೈ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಚಿತ್ರವನ್ನು ಸೆನ್ಸಾರ್ ಮಂಡಳಿಯ ಮರುಪರಿಶೀಲನೆಗೆ ಒಪ್ಪಿಸಲಾಯಿತು. ಕತ್ತರಿ ಪ್ರಯೋಗವಿಲ್ಲದೆಯೇ ಅದು 1999ರಲ್ಲಿ ಮರಳಿ ಬಂತು. ಅದು ವಯಸ್ಕರ ಚಿತ್ರವೇನೋ ಹೌದು. ಆದರೆ ನೋಡುಗರನ್ನು ಕಲಕಿದ್ದು ಕಥೆ ನಡೆಯುವ ಸ್ಥಳವೆಂದು ನನಗನ್ನಿಸುತ್ತದೆ: ಅಡುಗೆಮನೆ, ಅತ್ತೆಯ ಹಾಸಿಗೆ, ಇಬ್ಬರು ವಾರಗಿತ್ತಿಯರು ಇರುವ ಒಂದು ಸಾಮಾನ್ಯ ಕೂಡುಕುಟುಂಬ.

ಅನಂತರದ ವರ್ಷಗಳಲ್ಲಿ ಹಿಂದಿ ಚಿತ್ರರಂಗ ಕಂಡುಕೊಂಡ ಸುರಕ್ಷಿತ ಹಾದಿಯೆಂದರೆ ನಗೆ. 2003ರ ‘ಕಲ್ ಹೋ ನಾ ಹೋ’ದಲ್ಲಿ ಇಬ್ಬರು ಗೆಳೆಯರನ್ನು ಕಂಡು ತಪ್ಪು ತಿಳಿದು ಬೆಚ್ಚಿಬೀಳುವ ಮನೆಗೆಲಸದ ಹೆಂಗಸು, 2008ರ ‘ದೋಸ್ತಾನಾ’ದಲ್ಲಿ ಬಾಡಿಗೆ ಮನೆಗಾಗಿ ಸಲಿಂಗಪ್ರೇಮಿಗಳಂತೆ ನಟಿಸುವ ಇಬ್ಬರು ಯುವಕರು. ಈ ಎರಡನ್ನೂ ಕುಟುಂಬಗಳು ಕೂಡಿಯೇ ನೋಡಿ ನಕ್ಕವು. ಅಂದರೆ ಕುಟುಂಬದ ಪ್ರೇಕ್ಷಕರಿಗೆ ವಿಷಯ ಅಪರಿಚಿತವಾಗಿರಲಿಲ್ಲ, ಅಸಹ್ಯವೂ ಆಗಿರಲಿಲ್ಲ. ನಗುವುದಕ್ಕೆ ಒದಗುವ ವಿಷಯ ಮರುಕಕ್ಕೆ ಮಾತ್ರ ಒದಗಬಾರದೆಂದರೆ ಅದು ಯಾವ ನ್ಯಾಯ?

ಬದಲಾವಣೆ ನಿಧಾನವಾಗಿ ಬಂತು. 2016ರ ‘ಕಪೂರ್ ಅಂಡ್ ಸನ್ಸ್’ನಲ್ಲಿ ತಾಯಿಯ ಅಚ್ಚುಮೆಚ್ಚಿನ ಹಿರಿಯ ಮಗನೇ ತನ್ನ ಒಲವನ್ನು ಮುಚ್ಚಿಟ್ಟುಕೊಂಡವನು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ದಂಡ ಸಂಹಿತೆಯ 377ನೇ ಕಲಮಿನಿಂದ ಹೊರತಂದಿತು. ಮರುವರ್ಷ ಬಂದ ‘ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ’ದಲ್ಲಿ ಪಂಜಾಬಿನ ಸಣ್ಣ ಊರಿನ ತಂದೆ ಮಗಳ ಪ್ರೀತಿಯನ್ನು ಒಪ್ಪುತ್ತಾನೆ. ಆ ಪಾತ್ರಗಳನ್ನು ವಹಿಸಿದವರು ನಿಜಜೀವನದ ತಂದೆ-ಮಗಳಾದ ಅನಿಲ್ ಕಪೂರ್ ಮತ್ತು ಸೋನಂ ಕಪೂರ್.

ನನ್ನ ದೃಷ್ಟಿಯಲ್ಲಿ ಈ ಸಾಲಿನ ಅತ್ಯಂತ ಮಹತ್ವದ ಚಿತ್ರ 2023ರ ಮಲಯಾಳದ ‘ಕಾದಲ್’. ನಿರ್ದೇಶಕ ಜಿಯೋ ಬೇಬಿ. ನಿರ್ಮಾಣ, ಮುಖ್ಯ ಪಾತ್ರ ಎರಡೂ ಆಗ 72ರ ವಯಸ್ಸಿನಲ್ಲಿದ್ದ ಮಮ್ಮೂಟ್ಟಿ ಅವರದು. ಸ್ಥಳೀಯ ಉಪಚುನಾವಣೆಗೆ ನಿಂತ ಗೌರವಸ್ಥನೊಬ್ಬನ ವಿರುದ್ಧ ಹೆಂಡತಿ ವಿಚ್ಛೇದನ ಕೋರಿ ನ್ಯಾಯಾಲಯಕ್ಕೆ ಹೋಗುತ್ತಾಳೆ. ಗಂಡ ಸಲಿಂಗಪ್ರೇಮಿ ಎಂಬುದೇ ಕಾರಣ. ಇಲ್ಲಿ ಖಳನಾಯಕರಿಲ್ಲ. ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬಿದ ತಂದೆಯಿದ್ದಾನೆ, ಆ ನಂಬಿಕೆಗೆ ತನ್ನ ಬಾಳನ್ನೇ ತೆತ್ತ ಓಮನಾ ಎಂಬ ಹೆಣ್ಣುಮಗಳಿದ್ದಾಳೆ. ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ಕೇರಳ ರಾಜ್ಯ ಪ್ರಶಸ್ತಿ ದೊರೆಯಿತು.

ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚವೆಂಬ ಪರಿಕಲ್ಪನೆಯಿದೆ. ಒಬ್ಬರ ನಿರ್ಧಾರದ ಬೆಲೆಯನ್ನು ಅದರಲ್ಲಿ ಭಾಗಿಯೇ ಅಲ್ಲದ ಇನ್ನೊಬ್ಬರು ತೆರುವುದು. ಮರ್ಯಾದೆಗಂಜಿ ಮಗನ ಸ್ವಭಾವವನ್ನು ಮುಚ್ಚಿಟ್ಟು ಮದುವೆ ಮಾಡಿದಾಗ ಆ ಬೆಲೆಯನ್ನು ತೆರುವವಳು ಏನೂ ಅರಿಯದ ಸೊಸೆ. ಹೀಗಿರುವಾಗ ಈ ಕಥೆಗಳು ಕುಟುಂಬಕ್ಕೆ ಹೊರಗಿನವು ಎನ್ನುವುದು ಹೇಗೆ? ಮದುವೆ, ಮಕ್ಕಳು, ಹಿರಿಯರ ಹಟ ಇವೇ ನಮ್ಮ ಕೌಟುಂಬಿಕ ಚಿತ್ರಗಳ ಜೀವಾಳವಾದರೆ ಇವು ಅಪ್ಪಟ ಕೌಟುಂಬಿಕ ಕಥೆಗಳೇ.

ಮಕ್ಕಳ ಮನಸ್ಸಿನ ಮೇಲೆ ಪರಿಣಾಮವಾದೀತೆಂಬ ಆತಂಕ ನಿಜವಾದದ್ದು. ಅದಕ್ಕೆ ಪರಿಹಾರ ವಯೋಮಾನದ ವರ್ಗೀಕರಣ. 2024ರ ನಿಯಮಗಳು ‘ಯುಎ’ ವರ್ಗವನ್ನು 7, 13 ಮತ್ತು 16ರ ವಯಸ್ಸಿಗೆ ಅನುಗುಣವಾಗಿ ಮೂರಾಗಿ ವಿಂಗಡಿಸಿವೆ. ಅಳೆಯಬೇಕಾದುದು ದೃಶ್ಯ ಎಷ್ಟು ಪ್ರಚೋದಕ ಎಂಬುದನ್ನೇ ಹೊರತು ಪ್ರೀತಿಸುವವರು ಯಾರು ಎಂಬುದನ್ನಲ್ಲ. ಗಂಡು-ಹೆಣ್ಣಿನ ಹಾಡಿಗೆ ಯಾವ ಅಳತೆಗೋಲೋ ಇದಕ್ಕೂ ಅದೇ ಇರಲಿ.

ಹಾಗೆಂದು ಎಲ್ಲ ಚಿತ್ರಗಳಲ್ಲೂ ಲೆಕ್ಕ ಭರ್ತಿಗೆ ಒಂದು ಪಾತ್ರ ಇರಲೇಬೇಕೆಂದು ನಾನು ಹೇಳುತ್ತಿಲ್ಲ. 2022ರಲ್ಲಿ ಮಕ್ಕಳ ಚಿತ್ರ ‘ಲೈಟ್‌ಇಯರ್’ ಇಬ್ಬರು ಮಹಿಳೆಯರ ಒಂದು ಕ್ಷಣದ ಚುಂಬನಕ್ಕಾಗಿ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿದಂತೆ ಹಲವು ದೇಶಗಳಲ್ಲಿ ತೆರೆ ಕಾಣಲಿಲ್ಲ. ಆ ನಿಷೇಧ ಅತಿಯಾಯಿತು, ನಿಜ. ಆದರೆ ಆ ಕ್ಷಣವನ್ನು ಕತ್ತರಿಸಿದರೆ ಆ ಕಥೆಗೇನೂ ಊನವಾಗದು. ‘ಕಾದಲ್’ನಿಂದ ಆ ಎಳೆಯನ್ನು ತೆಗೆದರೆ ಕಥೆಯೇ ಉಳಿಯದು. ಬೇಕಾಗಿರುವುದು ಎರಡನೆಯ ಬಗೆಯದು.

ಕನ್ನಡಕ್ಕೆ ಇದು ತೀರ ಹೊಸ ನೆಲವಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲೇ ಬಂತು. ಮಧ್ಯಮವರ್ಗದ ಓದುಗರು ಅದನ್ನು ಬಚ್ಚಿಡದೆ ಓದಿದರು. ಲಿಂಗ ಪರಿವರ್ತಿತರ ಬದುಕು ಬೇರೆಯದೇ ಸಂಗತಿಯಾದರೂ, ಅದನ್ನು ಗೌರವದಿಂದ ತೋರಿದ ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮ ದೊಡ್ಡ ತಾರೆಯರೂ ಸಂಜೆಯ ಧಾರಾವಾಹಿಗಳನ್ನು ನಿರ್ಮಿಸುವವರೂ ಈ ಓದುಗ-ಪ್ರೇಕ್ಷಕರ ಮೇಲೆ ತುಸು ಹೆಚ್ಚು ಭರವಸೆ ಇಡಬಹುದು.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿ, ಅದು ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದಿತು. ಶಾಸಕಾಂಗ ಜನಾಭಿಪ್ರಾಯಕ್ಕೆ ಕಾಯುತ್ತದೆ, ಜನಾಭಿಪ್ರಾಯ ರೂಪುಗೊಳ್ಳುವುದು ಮನೆಯ ನಡುಮನೆಯಲ್ಲಿ. ಕಾನೂನು ಶಿಕ್ಷೆಯನ್ನು ರದ್ದುಮಾಡಬಲ್ಲದೇ ಹೊರತು ಹಬ್ಬದ ಪಂಕ್ತಿಯಲ್ಲಿ ಎಲೆ ಹಾಕಿಸಲಾರದು. ಜಾತಕ, ಗೋತ್ರ, ಸಂಬಳವನ್ನೆಲ್ಲ ಕೂಲಂಕಷವಾಗಿ ವಿಚಾರಿಸುವ ನಾವು ‘ನಿನಗೆ ಈ ಮದುವೆ ಬೇಕೇ?’ ಎಂದು ಮಗನನ್ನು, ಮಗಳನ್ನು ನಿಜವಾಗಿ ಕೇಳುವಂತೆ ಒಂದು ಚಿತ್ರ ಮಾಡಿದರೆ ಅದಕ್ಕಿಂತ ಮಿಗಿಲಾದ ಕೌಟುಂಬಿಕ ಚಿತ್ರ ಇನ್ನೊಂದಿಲ್ಲ.