ಕಾಗದ ಮನೆಯಲ್ಲಿದೆ, ಗಾಡಿ ಯಾರ ಹೆಸರಿನಲ್ಲಿದೆ?

“ಸಾಹೇಬ್ರ, ಕಾಗದ ಎಲ್ಲಾ ಮನ್ಯಾಗ ಅದಾವ್ರಿ.” ಅಕ್ಕಲಕೋಟೆ ತಾಲೂಕಿನ ಯುವಕನೊಬ್ಬ ಈ ಮಾತಿನೊಡನೆ ತನ್ನ ಫೋನನ್ನು ನನ್ನ ಮುಂದಿಟ್ಟನು. ಬೈಕಿನಲ್ಲಿ ಸೊಲ್ಲಾಪುರಕ್ಕೆ ಹೊರಟವನನ್ನು ದಾರಿಯಲ್ಲಿ ತಡೆದಿದ್ದರು. ಕಿಸೆಯಲ್ಲಿದ್ದುದು ಲೈಸನ್ಸ್ ಒಂದೇ. ಚಲನ್‌ನ ಸಂದೇಶ ಆಳಂದದಲ್ಲಿರುವ ಸೋದರಮಾವನ ಫೋನಿಗೆ ಹೋಗಿ, ಅಲ್ಲಿಂದ ಐದನೆಯ ದಿನ ಇವನಿಗೆ ಬಂದಿತ್ತು. ಅದರಲ್ಲಿ ‘ವಿಮೆಯಿಲ್ಲ’ ಎಂಬ ಕಲಮು ನಮೂದಾಗಿತ್ತು.

“ಕಟ್ಟಿ ಕೈತೊಳಕೊಳ್ಳಲೇನ್ರಿ?” ಎಂದನು. ತಡೆಯಲು ಹೇಳಿದೆನು.

ವಿಮೆ ಇಲ್ಲದಿರುವುದು ಬೇರೆ, ವಿಮೆಯ ಪತ್ರ ಜೊತೆಯಲ್ಲಿ ಇಲ್ಲದಿರುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆ ಮೊದಲನೆಯದಕ್ಕೆ 196ನೆಯ ಕಲಮಿನಲ್ಲಿ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸುತ್ತದೆ. ಮತ್ತೆ ಸಿಕ್ಕರೆ ದಂಡ 4,000. ಎರಡನೆಯದು ಅಷ್ಟು ಘೋರವಲ್ಲ. ಖಾಸಗಿ ವಾಹನದವನು ವಿಮಾಪತ್ರವನ್ನು ಏಳು ದಿನಗಳೊಳಗೆ ಠಾಣೆಯಲ್ಲಿ ತೋರಿಸಿದರೆ, ಅದನ್ನು ಆಗ ತೋರಿಸಲಿಲ್ಲವೆಂಬ ಕಾರಣಕ್ಕೇ ಅವನನ್ನು ಶಿಕ್ಷಿಸಲಾಗದೆಂದು 158ನೆಯ ಕಲಮು ಹೇಳುತ್ತದೆ. ಆ ಠಾಣೆ ಯಾವುದೆಂಬುದನ್ನು ಸವಾರನೇ ಹೇಳಬೇಕು. ತಡೆದ ಅಧಿಕಾರಿಗೆ “ಅಕ್ಕಲಕೋಟೆ ಠಾಣೆಯಲ್ಲಿ ತೋರಿಸುತ್ತೇನೆ” ಎಂದು ಅಲ್ಲಿಯೇ ತಿಳಿಸಿರಬೇಕು. ನಮ್ಮವರು ಆ ಹೊತ್ತಿಗೆ ಕೈಮುಗಿಯುತ್ತಾರೆ, ಇಲ್ಲವೇ ಯಾರಿಗೋ ಫೋನು ಹಚ್ಚುತ್ತಾರೆ. ಈ ಒಂದು ಮಾತನ್ನು ಮಾತ್ರ ಆಡುವುದಿಲ್ಲ.

ಈ ಯುವಕನೂ ಆಡಿರಲಿಲ್ಲ. ಆದರೆ 1989ರ ಕೇಂದ್ರ ನಿಯಮಗಳ 139ನೆಯ ನಿಯಮ, ಜೊತೆಯಲ್ಲಿಲ್ಲದ ದಾಖಲೆಗಳ ದೃಢೀಕೃತ ಪ್ರತಿಯನ್ನು ಕೇಳಿದ ಅಧಿಕಾರಿಗೆ ಒಪ್ಪಿಸಲು ಹದಿನೈದು ದಿನಗಳನ್ನು ಕೊಡುತ್ತದೆ. ಅದನ್ನೇ ಆಧರಿಸಿ ಅರ್ಜಿ ಬರೆದೆವು. ತಡೆದ ದಿನ ವಿಮೆ ಚಾಲ್ತಿಯಲ್ಲಿದ್ದುದರಿಂದ ಆ ಕಲಮು ಬಿದ್ದುಹೋಯಿತು; ಕಾಗದ ತೋರಿಸದ ಸಣ್ಣ ದಂಡವಷ್ಟೇ ಉಳಿಯಿತು. (ಚಲನ್ ಬಂದ ಸಂಜೆ ಹೊಸ ವಿಮೆ ಕೊಂಡು ತರುವವರೂ ಇದ್ದಾರೆ. ಅದು ನಡೆಯುವುದಿಲ್ಲ.) 2018ರ ತಿದ್ದುಪಡಿಯಿಂದ ವಿದ್ಯುನ್ಮಾನ ರೂಪದ ದಾಖಲೆಗೂ ಮಾನ್ಯತೆಯಿದೆ, ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೆ ಸಾಕು. ಫೋನಿನಲ್ಲಿ ತೆಗೆದಿಟ್ಟ ಬರಿಯ ಫೋಟೋ ಅದಕ್ಕೆ ಸಮನಲ್ಲ.

ಇಷ್ಟರಲ್ಲಿ ಕೆಲಸ ಮುಗಿಯಿತೆಂದು ಅವನು ಎದ್ದನು. ಆದರೆ ಚಲನ್ ಮಾವನ ಫೋನಿಗೆ ಏಕೆ ಹೋಯಿತು? ಗಾಡಿಯ ನಂಬರು ಕೆಎ 32. ಮಾವ ಮೂರು ವರ್ಷಗಳ ಹಿಂದೆ ರೊಕ್ಕ ಎಣಿಸಿಕೊಂಡು ಕೀಲಿಕೈ ಕೊಟ್ಟಿದ್ದರು. ಆರ್‌ಸಿ ಬುಕ್ ಇಂದಿಗೂ ಅವರ ಹೆಸರಿನಲ್ಲಿಯೇ ಇತ್ತು. ನಮ್ಮಲ್ಲಿ ಹೆಣ್ಣು ಕೊಡುವುದು ತರುವುದು, ಎತ್ತು ಮಾರುವುದು ಕೊಳ್ಳುವುದು ಆಳಂದ, ಅಫಜಲಪುರ, ಇಂಡಿಗಳೊಡನೆಯೇ. ಗಡಿ ನಮಗೆ ಕಾಣುವುದಿಲ್ಲ. ನೋಂದಣಿಯ ವಹಿಗೆ ಕಾಣುತ್ತದೆ.

ಮಾವನನ್ನು ಕರೆಸಿ 2018ರ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ತೀರ್ಪನ್ನು ವಿವರಿಸಿದೆನು. ವಾಹನ ಕೈಯಿಂದ ಕೈಗೆ ಮಾರಾಟವಾಗಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಳಿಯ ಒಂದು ವರ್ಷ ವಿಮೆ ಮರೆತು, ಆ ವರ್ಷವೇ ಯಾರಿಗಾದರೂ ಗುದ್ದಿದ್ದರೆ, ಪರಿಹಾರದ ಲಕ್ಷಗಳಿಗಾಗಿ ಆಳಂದದ ಹೊಲದತ್ತ ಕೈಚಾಚಬಹುದಿತ್ತು. ಮಾವ ಬಹಳ ಹೊತ್ತು ಮಾತಾಡಲಿಲ್ಲ.

ಪರರಾಜ್ಯಕ್ಕೆ ಮಾರಿದವನು 45 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಂಡ ಗಾಡಿಗೆ ಹೊಸ ನಂಬರು ಪಡೆಯಬೇಕು. ಅದಕ್ಕೆ ಕಲಬುರಗಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಸೊಲ್ಲಾಪುರದಲ್ಲಿ ತೆರಿಗೆ ಕಟ್ಟಬೇಕು. ತೆರಿಗೆಯ ಮಾತು ಬಂದೊಡನೆ ಯುವಕನ ಮುಖ ಸಣ್ಣದಾಯಿತು. ಗಾಡಿಯ ಬೆಲೆಯೇ ಎಷ್ಟಿದೆಯೆಂದು ಗೊಣಗಿದನು.

“ಸೋಮವಾರ ಕಲಬುರಗಿಗೆ ನಾನೇ ಬರ್ತೀನಿ, ನಡಿ,” ಎಂದರು ಮಾವ.