ಗರಗಸದ ಮೇಜಿಗೆ ಮಡಿಸುವ ಆಸರೆಹಲಗೆ

ವಾಚಕರಲ್ಲಿ ಕೆಲವರ ಮನೆಗಳಿಗೆ ವಿದ್ಯುತ್ತಿನಿಂದ ತಿರುಗುವ ದುಂಡು ಗರಗಸದ ಮೇಜು ಬಂದಿರಬಹುದು. ಅದನ್ನು ಕೊಂಡವರು ಅಲಗಿನ ಮುಂದುಗಡೆ ಇರಿಸುವಷ್ಟು ಎಚ್ಚರವನ್ನು ಹಿಂದುಗಡೆ ಇರಿಸುವುದಿಲ್ಲ. ನಾನೂ ಹಾಗೆಯೇ ಇದ್ದೆನು. ಅದರ ಫಲವನ್ನು ನನ್ನ ಮಗನ ಕೈ ಅನುಭವಿಸಿತು. ಆ ಕಾರಣದಿಂದಲೇ ಈ ನಾಲ್ಕು ಮಾತು.

ಕಳೆದ ವರ್ಷ ಮಗನು ನನ್ನ ಸಂಸ್ಕೃತ ಗ್ರಂಥಗಳಿಗೆಂದು ಕಪಾಟು ಮಾಡಲು ಹೊರಟು, ಆರಡಿ ಉದ್ದದ ಹಲಗೆಯನ್ನು ಸೀಳುತ್ತಿದ್ದನು. ಅರ್ಧಕ್ಕಿಂತ ಹೆಚ್ಚು ಭಾಗ ಮೇಜನ್ನು ದಾಟಿದೊಡನೆ ಅದು ತನ್ನ ಭಾರದಿಂದಲೇ ಆಚೆಗೆ ವಾಲತೊಡಗಿತು. ಆಚೆ ನಿಂತಿದ್ದ ನಾನು ನೆರವಾಗುವ ಆತುರದಿಂದ ಅದನ್ನು ಹಿಡಿದೆಳೆದೆನು. ಹಲಗೆಯೊಡನೆ ಅವನ ಎಡಗೈಯೂ ಸರಿದು, ತೋರುಬೆರಳಿನ ತುದಿ ಅಲಗಿಗೆ ತಾಗಿತು. ಅಲಗಿನ ಮೇಲಣ ಕಾಪನ್ನು ತೆಗೆದಿಟ್ಟಿದ್ದುದು ಮತ್ತೊಂದು ತಪ್ಪು. ಐದು ಹೊಲಿಗೆ ಬಿದ್ದವು. ಬೆರಳು ಉಳಿದುದು ದೈವಕೃಪೆ. ಆಸ್ಪತ್ರೆಯಿಂದ ಹಿಂದಿರುಗುವಾಗ ಅವನು, "ಅಪ್ಪಾ, ನೀವು ಎಳೆಯಬಾರದಿತ್ತು, ಸುಮ್ಮನೆ ಹೊತ್ತಿದ್ದರೆ ಸಾಕಾಗಿತ್ತು" ಎಂದಷ್ಟೇ ಹೇಳಿದನು.

ಅಲಗಿನ ಮುಂದಣ ಹಲ್ಲುಗಳು ಕೆಳಕ್ಕಿಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ. ಹಿಂದಣ ಹಲ್ಲುಗಳು ಮೇಲಕ್ಕೇಳುತ್ತವೆ. ವಾಲಿ ಓರೆಯಾದ ಹಲಗೆ ಇವುಗಳಿಗೆ ಸಿಕ್ಕಿದರೆ, ಅವು ಅದನ್ನೆತ್ತಿ ಕೆಲಸ ಮಾಡುವವನ ಮೇಲೆಯೇ ಎಸೆಯಬಲ್ಲವು. ಆದುದರಿಂದ ಹಲಗೆಗೆ ಆಚೆ ಬದಿಯಲ್ಲಿ ಅಲುಗದ ಆಸರೆಯೊಂದು ಇರತಕ್ಕದ್ದು.

ನಮ್ಮ ಹಿತ್ತಿಲು ಕಿರಿದು. ಬಟ್ಟೆ ಒಣಹಾಕಲೂ ಅದೇ ಸ್ಥಳ. ಅದು ಕಾರಣ, ಕೆಲಸವಾದ ಮೇಲೆ ಇಳಿಬಿಡುವಂಥ ಆಸರೆಯನ್ನೇ ಮಾಡಿದೆವು. ಯಂತ್ರದ ಮೇಜು ನೆಲದಿಂದ 34 ಅಂಗುಲ ಎತ್ತರವಿರುವುದರಿಂದ ಆಸರೆಹಲಗೆಯ ಉದ್ದವನ್ನು 30 ಅಂಗುಲಕ್ಕೆ ನಿಲ್ಲಿಸಿದೆವು. ಉದ್ದವು ಎತ್ತರವನ್ನು ಮೀರಿದರೆ ಇಳಿಬಿಡಲಾಗದು. ಮುಕ್ಕಾಲು ಅಂಗುಲ ದಪ್ಪದ ಪ್ಲೈವುಡ್ಡನ್ನು ಅಂಗಡಿಯಲ್ಲಿಯೇ ಕೊಯ್ಯಿಸಿ ತಂದೆವು. ಯಂತ್ರವನ್ನಿಟ್ಟ ಮರದ ಪೀಠದ ಹಿಂಗಾಲುಗಳನ್ನು ಮೇಲಕ್ಕೆ ಬೆಳೆಸಿ, ಅವುಗಳಿಗೆ ಅಡ್ಡಪಟ್ಟಿಯೊಂದನ್ನು ಬೋಲ್ಟುಗಳಿಂದ ಬಿಗಿದೆವು. ಬೋಲ್ಟಿನ ತೂತುಗಳನ್ನು ನೀಳವಾಗಿ ಕೊರೆದರೆ ಎತ್ತರವನ್ನು ಹೊಂದಿಸಿಕೊಳ್ಳಬಹುದು. ಈ ಪಟ್ಟಿಗೆ ಹಲಗೆಯನ್ನು ಮೂರು ತಿರುಗಣಿಗಳಿಂದ ಜೋಡಿಸತಕ್ಕದ್ದು. ತಿರುಗಣಿಗಳು ಕೆಳಮಗ್ಗುಲಲ್ಲಿರಲಿ, ಮೇಲಿದ್ದರೆ ಸೀಳುವ ಮರ ಅವುಗಳಿಗೆ ತಡೆಯುವುದು.

ಎತ್ತಿದ ಹಲಗೆಯನ್ನು ಹೊರಲು ಎರಡು ಓರೆಗಂಬಗಳು ಬೇಕು. ಒಂದೊಂದಕ್ಕೂ ತಿರುಗಣಿಯಿಂದ 24 ಅಂಗುಲ ದೂರದಲ್ಲಿ ಹಲಗೆಯಡಿ ಒಂದು ಕಚ್ಚು, ತಿರುಗಣಿಯ ನೇರ ಕೆಳಗೆ 24 ಅಂಗುಲಕ್ಕೆ ಪೀಠದಲ್ಲಿ ಒಂದು ಕಚ್ಚು. ಇವುಗಳ ನಡುವಣ ಕರ್ಣವೆಷ್ಟು? ಬೌಧಾಯನ ಶುಲ್ಬಸೂತ್ರದ ವಿಧಿಯಂತೆ ಚೌಕದ ಭುಜಕ್ಕೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದನ್ನೂ ಕೂಡಿಸಿ, ಈ ಕೊನೆಯದರ 34ನೆಯ ಒಂದನ್ನು ಕಳೆಯಬೇಕು. 24ಕ್ಕೆ 8 ಮತ್ತು 2 ಸೇರಿ 34. ಕಳೆಯತಕ್ಕದ್ದು ಅಂಗುಲದ 17ನೆಯ ಒಂದು ಭಾಗ ಮಾತ್ರ. ಯಜ್ಞವೇದಿಯನ್ನು ಅಳೆಯುವವರಿಗೆ ಹೇಳಿದ ಲೆಕ್ಕ ನಮ್ಮ ಹಿತ್ತಿಲಿಗೂ ಒದಗಿತು. ಕೆಲಸ ಮುಗಿದ ಮೇಲೆ ಕಂಬಗಳನ್ನು ತೆಗೆದು ಗೋಡೆಯ ಮೊಳೆಗೆ ತೂಗುಹಾಕುತ್ತೇವೆ.

ಆಸರೆಯ ಮೇಲ್ಮೈ ಯಂತ್ರದ ಮೇಜಿಗಿಂತ ಅಂಗುಲದ 16ನೆಯ ಒಂದು ಭಾಗ ತಗ್ಗಿರಲಿ. ಎತ್ತರವಂತೂ ಕೂಡದು, ಮರ ಅದಕ್ಕೆ ಮುಗ್ಗರಿಸುವುದು. ಯಂತ್ರದ ಕಡೆಯ ಅಂಚನ್ನು ಉಜ್ಜುಗೊರಡಿನಿಂದ ಓರೆಯಾಗಿ ಹೆರೆಯಿರಿ. ಮೇಜಿನ ಮೇಲಣ ತೋಡುಗಳನ್ನು ಆಸರೆಯಲ್ಲಿಯೂ ಮುಂದುವರಿಸಿರಿ. ಹಗುರವಾದ ಪೀಠವು ಭಾರಕ್ಕೆ ಹಿಂದಕ್ಕೆ ಉರುಳೀತು. ಮುಂಗಾಲುಗಳ ಮೇಲೆ ಮರಳಿನ ಚೀಲಗಳನ್ನು ಹೇರಿ, ಹಲಗೆಯೊಂದನ್ನು ಆಸರೆಯ ಮೇಲಿಟ್ಟು ಪರೀಕ್ಷಿಸಿರಿ. ಇದೆಲ್ಲವನ್ನೂ ವಿದ್ಯುತ್ ತಂತಿಯನ್ನು ಕಳಚಿದ ಮೇಲೆಯೇ ಮಾಡತಕ್ಕದ್ದು.

ಕಪಾಟಿನ ಉಳಿದ ಹಲಗೆಗಳನ್ನು ಮಗನು ಅಲಗಿಗೆ ಕಾಪು ತೊಡಿಸಿ, ಈ ಆಸರೆಯೊಡನೆ ಸೀಳಿದನು. ನಾನು ಜಗಲಿಯ ಮೇಲೆ ಕೈಕಟ್ಟಿ ಕುಳಿತಿದ್ದೆನು. ಹಲಗೆ ಅಲಗನ್ನು ದಾಟಿ, ವಾಲದೆ, ಆಸರೆಯ ಮೇಲೆ ಹೋಗಿ ನಿಂತಿತು. ಯಂತ್ರ ಪೂರ್ತಿ ನಿಂತ ಮೇಲೆ ಅವನು ಆಚೆ ಹೋಗಿ ಅದನ್ನು ತೆಗೆದುಕೊಂಡನು. ಮನೆಯಲ್ಲಿ ಇಂಥ ಯಂತ್ರವುಳ್ಳವರು ಮೊದಲ ಹಲಗೆಯನ್ನು ಸೀಳುವ ಮುನ್ನವೇ ಆಸರೆಯನ್ನು ಮಾಡಿಕೊಳ್ಳಲೆಂದು ನನ್ನ ವಿಜ್ಞಾಪನೆ.