ಯಕೃತ್ತಿನ ಕಾಯಿಲೆ, ಮಕ್ಕಳ ಮೂಳೆ ಮತ್ತು ಖನಿಜಗಳ ಲೆಕ್ಕ

ಮಕ್ಕಳಲ್ಲಿ ಯಕೃತ್ತಿನ ಕಾಯಿಲೆ ತಿಂಗಳುಗಟ್ಟಲೆ ಉಳಿದರೆ ಅದರ ಪೆಟ್ಟು ಮೂಳೆಗೂ ಬೀಳುತ್ತದೆ. ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು ಮನೆಯವರ ಗಮನಕ್ಕೆ ಬೇಗ ಬರುತ್ತದೆ. ಮೂಳೆ ಮೆದುವಾಗಿರುವುದು ಮಾತ್ರ ಮಣಿಕಟ್ಟು ದಪ್ಪಗಾದಾಗಲೋ, ಕಾಲು ಬಾಗಿದಾಗಲೋ, ಆಟವಾಡುತ್ತ ಬಿದ್ದು ಎಲುಬು ಮುರಿದಾಗಲೋ ಗೊತ್ತಾಗುತ್ತದೆ.

ಇದರ ಮೂಲ ಪಿತ್ತರಸದಲ್ಲಿದೆ. ಆಹಾರದ ಜಿಡ್ಡು ಮೈಗೆ ಹತ್ತಬೇಕಾದರೆ ಪಿತ್ತರಸ ಕರುಳಿಗೆ ಇಳಿಯಬೇಕು. ಎ, ಡಿ, ಇ, ಕೆ ಜೀವಸತ್ವಗಳು ಆ ಜಿಡ್ಡಿನ ಜೊತೆಗೇ ಒಳಸೇರುತ್ತವೆ. ಪಿತ್ತದ ಹರಿವು ನಿಂತರೆ ಡಿ ಜೀವಸತ್ವ ಮಲದಲ್ಲಿ ಹೋಗುತ್ತದೆ. ಹೀರದೆ ಉಳಿದ ಜಿಡ್ಡು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ ಜೀವಸತ್ವವೂ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಮಾರ್ಪಟ್ಟ ಮೇಲೆಯೇ ಕೆಲಸಕ್ಕೆ ಬರುತ್ತದೆ. ಹೀಗಾಗಿ ಬಿಸಿಲಿಗೆ ಬರವಿಲ್ಲದ ಕೂಡ್ಲಿಗಿ, ಕೊಟ್ಟೂರಿನಂಥ ಕಡೆಯೂ ಇಂಥ ಮಕ್ಕಳಿಗೆ ರಿಕೆಟ್ಸ್ ಬರಬಹುದು.

ಹಸುಗೂಸುಗಳಲ್ಲಿ ಮುಖ್ಯವಾದದ್ದು ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ. ಹುಟ್ಟಿ 14 ದಿನವಾದರೂ ಕಾಮಾಲೆ ಇಳಿಯದಿದ್ದರೆ, ಮಲ ಬೆಳ್ಳಗಾಗಿ ಮೂತ್ರ ಬಟ್ಟೆಗೆ ಹಳದಿ ಕಲೆ ಬಿಟ್ಟರೆ ತಕ್ಷಣ ರಕ್ತಪರೀಕ್ಷೆ ಆಗಬೇಕು. ಇದಕ್ಕೆ ಮಾಡುವ ಕಸಾಯಿ ಶಸ್ತ್ರಚಿಕಿತ್ಸೆ 60 ದಿನದೊಳಗೆ ನಡೆದರೆ ಫಲ ಹೆಚ್ಚು. ಬರೆ ಹಾಕಿಸುವುದರಲ್ಲಿ, ನಾಟಿ ಔಷಧದಲ್ಲಿ ಕಳೆಯುವ ವಾರಗಳು ತಿರುಗಿ ಸಿಗುವುದಿಲ್ಲ.

ಪೂರಕಗಳಲ್ಲಿ ಮೊದಲಿನದು ಕ್ಯಾಲ್ಸಿಯಂ. ಆರೋಗ್ಯವಂತ ಮಕ್ಕಳಿಗೆ ಐಸಿಎಂಆರ್ 2020ರಲ್ಲಿ ಸೂಚಿಸಿದ ದಿನದ ಪ್ರಮಾಣ 1–3 ವರ್ಷಕ್ಕೆ 500 ಮಿಲಿಗ್ರಾಂ, 4–6ಕ್ಕೆ 550, 7–9ಕ್ಕೆ 650, 10–12ಕ್ಕೆ 850. ಡಿ ಜೀವಸತ್ವದ ಕೊರತೆ ನೀಗಿಸದೆ ಕ್ಯಾಲ್ಸಿಯಂ ಮಾತ್ರ ಕೊಟ್ಟರೆ ಅದರಲ್ಲಿ ಹೆಚ್ಚಿನದು ಹೀರಿಕೆಯಾಗುವುದಿಲ್ಲ. ಪಿತ್ತ ಕಟ್ಟಿದ ಮಕ್ಕಳಿಗೆ ಡಿ ಜೀವಸತ್ವ ಸಾಮಾನ್ಯಕ್ಕಿಂತ ಹೆಚ್ಚು ಬೇಕಾಗುತ್ತದೆ. ಎಷ್ಟೆಂಬುದನ್ನು ರಕ್ತದ ಮಟ್ಟ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೆಗ್ನೀಸಿಯಂ ತೀರಾ ಇಳಿದರೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು ಸರಿಯಾಗಿ ಕೆಲಸ ಮಾಡುವುದಿಲ್ಲ. ಸತು ಕಡಿಮೆಯಾದರೆ ಎತ್ತರ ಕುಂಠಿತವಾಗುತ್ತದೆ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೂ ಹಾನಿಯಾಗಿ ಫಾಸ್ಫೇಟ್ ಸೋರಿಹೋದರೆ ಅದರಿಂದಲೂ ಮೂಳೆ ಬಾಗಬಹುದು.

ಎಲ್ಲ ಖನಿಜವೂ ಒಳ್ಳೆಯದೆಂದು ಮಿಶ್ರ ಟಾನಿಕ್ ಕುಡಿಸುವಂತಿಲ್ಲ. ತಾಮ್ರ, ಮ್ಯಾಂಗನೀಸ್ ಮೈಯಿಂದ ಹೊರಹೋಗುವುದು ಪಿತ್ತದ ಮೂಲಕ; ಆ ದಾರಿ ಕಟ್ಟಿದರೆ ಅವು ಒಳಗೇ ಸೇರಿಕೊಳ್ಳುತ್ತವೆ. ಭಾರತದ ಹಸುಗೂಸುಗಳನ್ನು ಒಂದು ಕಾಲದಲ್ಲಿ ಕಾಡಿದ ಸಿರೋಸಿಸ್‌ಗೂ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿನ ತಾಮ್ರಕ್ಕೂ ನಂಟಿರಬಹುದೆಂದು 1983ರಲ್ಲಿ ಪುಣೆಯ ಅಧ್ಯಯನವೊಂದು ತೋರಿಸಿತು. ಅಂಥ ಪಾತ್ರೆಗಳ ಬಳಕೆ ತಗ್ಗಿದಂತೆ ಆ ಕಾಯಿಲೆಯೂ ಅಪರೂಪವಾಯಿತು.

ಈ ಭಾಗದಲ್ಲಿ ನೀರಿನ ಲೆಕ್ಕವನ್ನೂ ಸೇರಿಸಬೇಕು. ಕೂಡ್ಲಿಗಿ ಮತ್ತು ಸುತ್ತಮುತ್ತಲ ಗಟ್ಟಿ ಬಂಡೆಯ ನೆಲದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ ಗರಿಷ್ಠ 1.5. ಮೀರಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆಯ ರಚನೆ ಕೆಡುತ್ತದೆ, ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಹಾನಿ ಇನ್ನೂ ಹೆಚ್ಚು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಯಕೃತ್ತಿನ ಕಾಯಿಲೆಯ ಮಗುವಿರುವ ಮನೆಗೆ ಶುದ್ಧ ನೀರಿನ ಘಟಕದ ಇಲ್ಲವೇ ನದಿಮೂಲದ ನೀರೇ ಲೇಸು.

ಊಟದಲ್ಲಿ ರಾಗಿ ದೊಡ್ಡ ಆಸರೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಖನಿಜವನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ಜೋಳದ ರೊಟ್ಟಿಯ ಜೊತೆ ಮೊಸರು, ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು ಸೇರಿದರೆ ಇನ್ನಷ್ಟು ಸಿಗುತ್ತದೆ. ಶಾಲೆ, ಅಂಗನವಾಡಿಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲೂ ಈ ಲೆಕ್ಕಕ್ಕೆ ಸೇರುತ್ತದೆ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳವನ್ನು ಮಾತ್ರ ಎಸೆಯಬೇಕು. ಅದರ ಅಫ್ಲಟಾಕ್ಸಿನ್ ಯಕೃತ್ತಿಗೇ ವಿಷ.

ಮಾತ್ರೆಗಳಿಗೂ ಹೊತ್ತಿದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ಕೊಡಬಾರದು. ತುರಿಕೆಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಡಿ ಜೀವಸತ್ವವನ್ನು ಹಿಡಿದುಕೊಳ್ಳುವುದರಿಂದ ಇವೆರಡರ ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಅಂಗನವಾಡಿಯ ತಕ್ಕಡಿ ಇಂಥ ಮಕ್ಕಳ ವಿಷಯದಲ್ಲಿ ಮೋಸ ಮಾಡಬಹುದು: ಹೊಟ್ಟೆಯ ನೀರು, ಊದಿದ ಯಕೃತ್ತು ತೂಕ ಹೆಚ್ಚಿಸಿ ತೋರಿಸುತ್ತವೆ. ರಟ್ಟೆಯ ಸುತ್ತಳತೆ ಹೆಚ್ಚು ನಂಬಿಕೆಗೆ ಅರ್ಹ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಂಕೆ ಪಟ್ಟ ಮಗುವನ್ನು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ತೋರಿಸಬಹುದು. ಅಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಡಿ ಜೀವಸತ್ವದ ರಕ್ತಪರೀಕ್ಷೆ ಮತ್ತು ಮಣಿಕಟ್ಟಿನ ಎಕ್ಸ್‌ರೇ ಮೂಳೆಯ ಸ್ಥಿತಿ ತಿಳಿಸುತ್ತವೆ. ಯಕೃತ್ ಕಸಿಯಾದವರಿಗೂ ಮೊದಲ ತಿಂಗಳುಗಳಲ್ಲಿ ಸ್ಟೀರಾಯ್ಡ್‌ನಿಂದ ಮೂಳೆ ಸವೆಯುವುದರಿಂದ ಈ ಪರೀಕ್ಷೆಗಳನ್ನು ಕಸಿಯ ನಂತರವೂ ಮುಂದುವರಿಸಬೇಕು.